ಗೆದ್ದವರು ಬರಲಿಲ್ಲ, 77 ಸೆಕೆಂಡ್ ಹೋಯಿತು

ಟಿವಿಯಲ್ಲಿ ಪ್ರಸಾರವಾಗುವ ರಂಗಭೂಮಿ ಪ್ರಶಸ್ತಿ ರಾತ್ರಿ ಅದು. ಐಟಂ 12, ಪೋಷಕ ನಟಿ ಪ್ರಶಸ್ತಿ. ರನ್ನಿಂಗ್ ಆರ್ಡರ್‌ನಲ್ಲಿ ಅದಕ್ಕೆ 170 ಸೆಕೆಂಡ್ ಇತ್ತು. ಪ್ರಶಸ್ತಿ ಕೊಡುವವರ ಮಾತಿಗೆ 40, ನಾಮನಿರ್ದೇಶಿತರ ವಿಡಿಯೊಗೆ 45, ಗೆದ್ದವರು ಸೀಟಿನಿಂದ ಎದ್ದು ವೇದಿಕೆ ಹತ್ತುವುದಕ್ಕೆ 25, ಧನ್ಯವಾದ ಭಾಷಣಕ್ಕೆ 60. ಅದರ ಹಿಂದೆಯೇ ನಿರೂಪಕರ ಲಿಂಕ್ 20. ಒಟ್ಟು 190 ಸೆಕೆಂಡ್.

ಅಷ್ಟರೊಳಗೆ ಐಟಂ 11ರ ಸಂಗೀತ ನಾಟಕದವರ ಮೈಮೇಲಿಂದ ವೈರ್‌ಲೆಸ್ ಮೈಕ್‌ನ 10 ಪ್ಯಾಕ್ (ಸೊಂಟಕ್ಕೆ ಕಟ್ಟುವ ಟ್ರಾನ್ಸ್‌ಮಿಟರ್) ಬಿಚ್ಚಿ ಐಟಂ 13ರ ಸಂಗೀತ ನಾಟಕದವರಿಗೆ ಕಟ್ಟಬೇಕು. ಒಬ್ಬರಿಗೆ 50 ಸೆಕೆಂಡ್. ವೇದಿಕೆಯ ಹಿಂದೆ ಮೈಕ್ ಕಟ್ಟುವ ಎ-2 ತಂಡದಲ್ಲಿ ನಾಲ್ಕು ಜನ, ಅಂದರೆ ಮೂರು ಸುತ್ತು, 150 ಸೆಕೆಂಡ್. ಇನ್ನೂ 40 ಸೆಕೆಂಡ್ ಉಳಿಯುತ್ತದೆ. ಆ ಲೆಕ್ಕ ಬರೆದದ್ದು ನಾನು. ಕೂಡಿಸುವುದರಲ್ಲಿ ತಪ್ಪಿರಲಿಲ್ಲ. ಯಾವುದನ್ನು ಕೂಡಿಸಿದೆ ಅನ್ನುವುದರಲ್ಲಿತ್ತು.

ಗೆದ್ದ ನಟಿ ಸಭಾಂಗಣದಲ್ಲೇ ಇರಲಿಲ್ಲ. ಪ್ರಶಸ್ತಿ ಕೊಡಲು ಬಂದವರು ಅವರ ಪರವಾಗಿ ತಾವೇ ಸ್ವೀಕರಿಸುವುದಾಗಿ ಹೇಳಿ, ಫಲಕ ಹಿಡಿದು ಒಳಗೆ ನಡೆದರು. ಅದಕ್ಕೆ ಹಿಡಿದದ್ದು 8 ಸೆಕೆಂಡ್. ನಡೆದು ಬರುವ 25, ಭಾಷಣದ 60, ಎರಡೂ ಹೋದವು. 190 ಇದ್ದದ್ದು 113ಕ್ಕೆ ಇಳಿಯಿತು.

ಪ್ಯಾಕ್ ಹಂಚಿಕೊಳ್ಳಬೇಕಾಗಿ ಬಂದದ್ದು ಯಾಕೆ ಅನ್ನುವುದು ಬೇಸರದ ವಿಷಯ. ವೈರ್‌ಲೆಸ್ ಮೈಕ್‌ಗಳ ರ್ಯಾಕ್‌ನಲ್ಲಿ 24 ಚಾನೆಲ್, ಒಂದು ಪ್ಯಾಕ್‌ಗೆ ಒಂದು. ನಿರೂಪಕರಿಗೆ ಮತ್ತು ಪೋಡಿಯಂ ಬ್ಯಾಕಪ್‌ಗೆ 4 ತೆಗೆದರೆ ಉಳಿಯುವುದು 20. ಮೊದಲ ಸಂಗೀತ ನಾಟಕದಲ್ಲಿ 16 ಜನ, ಎರಡನೆಯದರಲ್ಲಿ 14. ಹತ್ತು ಕಡಿಮೆ. ಇನ್ನೊಂದು 8 ಚಾನೆಲ್‌ನ ರ್ಯಾಕ್ ಬಾಡಿಗೆಗೆ ಕೇಳಿದ್ದೆವು. ಅದು ಬಂದಿದ್ದರೆ ಹಂಚಿಕೆ ಎರಡೇ ಪ್ಯಾಕ್‌ಗೆ ಇಳಿಯುತ್ತಿತ್ತು, ಆ ಎರಡೂ ಕೋರಸ್‌ಗೆ ಹೋಗುತ್ತಿದ್ದವು. ಪ್ರೊಡಕ್ಷನ್ ಆಫೀಸಿನವರು ಹೂವಿನ ಅಲಂಕಾರಕ್ಕೆ ಇಲ್ಲ ಅನ್ನಲಿಲ್ಲ, ಇದಕ್ಕೆ ಅಂದರು.

50 ಸೆಕೆಂಡಿನಲ್ಲಿ ಏನೇನು ಆಗಬೇಕು ಅನ್ನುವುದೂ ಗೊತ್ತಿರಬೇಕು. ತಲೆಯ ಮೈಕ್ ಆಯಾ ನಟರದ್ದೇ. ಮೇಕಪ್ ಕೋಣೆಯಲ್ಲೇ ವಿಗ್‌ನ ಅಂಚಿಗೆ, ಹಣೆಯ ಮೇಲೆ ಕೂರಿಸಿ, ಕೇಬಲ್ಲನ್ನು ಕತ್ತಿನ ಹಿಂದೆ ಟೇಪ್ ಹಾಕಿ ಇಳಿಸಿರುತ್ತಾರೆ. ಬದಲಾಗುವುದು ಸೊಂಟದ ಪ್ಯಾಕ್ ಮಾತ್ರ. ಹೊರಬರುವ ನಟರಿಂದ ಪ್ಯಾಕ್ ಬಿಚ್ಚಬೇಕು, ಬ್ಯಾಟರಿ ಪಟ್ಟಿ ನೋಡಬೇಕು, ಬೆವರು ಒರೆಸಬೇಕು, ಹೊಸಬರ ಜ್ಯಾಕ್ ತೂರಿಸಿ ಲಾಕಿಂಗ್ ರಿಂಗ್ ಪೂರ್ತಿ ತಿರುಗಿಸಬೇಕು, ಚೀಲಕ್ಕೆ ಹಾಕಿ ಉಡುಪಿನ ಜಿಪ್ ಎಳೆಯಬೇಕು. ರಿಂಗ್ ಅರ್ಧ ತಿರುಗಿಸಿ ಬಿಟ್ಟರೆ ನಿಂತು ಹಾಡುವಾಗ ಏನೂ ಗೊತ್ತಾಗುವುದಿಲ್ಲ, ಕುಣಿತ ಶುರುವಾದ ಕೂಡಲೇ ಕರಕರ ಅನ್ನುತ್ತದೆ. ಆದ್ದರಿಂದ ಈ 50ನ್ನು 35ಕ್ಕೆ ಇಳಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬಾರದು.

113ನೇ ಸೆಕೆಂಡಿಗೆ ಬರೋಣ. ಎರಡು ಸುತ್ತು ಮುಗಿದಿತ್ತು, ಎಂಟು ಜನ ಸಿದ್ಧ. ಮೂರನೇ ಸುತ್ತಿನ ಇಬ್ಬರಿಗೆ ಕೈ ಹಾಕಿ 13 ಸೆಕೆಂಡ್ ಆಗಿತ್ತು. ಒಬ್ಬರು ಕೋರಸ್, ಇನ್ನೊಬ್ಬರು ಎರಡನೇ ಚರಣ ಒಬ್ಬರೇ ಹಾಡುವ ನಟ. ಪ್ರತಿ ಐಟಂ ಅನ್ನು ‘ಗೋ’ ಅಂತ ಹೇಳಿ ಶುರುಮಾಡಿಸುವ ಶೋ ಕಾಲರ್ ಹೆಡ್‌ಸೆಟ್‌ನಲ್ಲಿ ‘ಮೈಕ್ ರೆಡಿನಾ?’ ಅಂತ ಕೇಳಿದರು. ಮೈಕ್ ಟೇಬಲ್‌ನಿಂದ ‘ರೆಡಿ’ ಅಂತ ಉತ್ತರ ಹೋಯಿತು. ಟೇಬಲ್‌ನಲ್ಲಿದ್ದವರು ಸುಳ್ಳು ಹೇಳಲಿಲ್ಲ. ಅವರ ಮುಂದಿನ ಟ್ರೇ ಖಾಲಿಯಾಗಿತ್ತು, ಪ್ಯಾಕ್ ಎಲ್ಲ ಹೊರಗೆ ಹೋಗಿದ್ದವು. ಕಟ್ಟಿ ಮುಗಿದಿದೆಯೋ ಇಲ್ಲವೋ ಅವರಿಗೆ ಕಾಣುತ್ತಿರಲಿಲ್ಲ. ಪ್ಯಾಕ್ ಕಟ್ಟುತ್ತಿದ್ದವರು ಹೆಡ್‌ಸೆಟ್‌ನ ಬೇರೆ ಚಾನೆಲ್‌ನಲ್ಲಿದ್ದರು, ಅವರ ಎರಡೂ ಕೈ ನಟರ ಬೆನ್ನ ಮೇಲಿತ್ತು. ‘ಹೋಲ್ಡ್’ ಅನ್ನಬೇಕಾದವರಿಗೆ ಪ್ರಶ್ನೆ ಕೇಳಿಸಲಿಲ್ಲ, ಕೇಳಿಸಿಕೊಂಡವರಿಗೆ ಸಂಗತಿ ಕಾಣಲಿಲ್ಲ.

ಗೋ ಬಿತ್ತು.

ಅದೇ ಹಾಡು ಅದರ ಸ್ವಂತ ರಂಗಮಂದಿರದಲ್ಲಿ ಆಗಿದ್ದರೆ ಸಂಗೀತ ನಿರ್ದೇಶಕರು ವೇದಿಕೆ ಪಕ್ಕದ ವಿಂಗ್ ಕಡೆ ಒಮ್ಮೆ ನೋಡಿ ನಾಲ್ಕು ಬಾರ್ (ತಾಳದ ಆವರ್ತ) ವ್ಯಾಂಪ್ ಮಾಡಿಸುತ್ತಿದ್ದರು, ಅಂದರೆ ಅಷ್ಟನ್ನೇ ಮತ್ತೆ ಮತ್ತೆ ನುಡಿಸುವುದು. ನಟ ಬರುವವರೆಗೆ ವಾದ್ಯವೃಂದ ಸುತ್ತು ಹೊಡೆಯುತ್ತಿತ್ತು. ಪ್ರಶಸ್ತಿ ರಾತ್ರಿಗೆ ಕತ್ತರಿಸಿದ 3 ನಿಮಿಷ 40 ಸೆಕೆಂಡಿನ ತುಣುಕು ಕ್ಲಿಕ್ ಟ್ರ್ಯಾಕ್‌ಗೆ, ಅಂದರೆ ತಾಳ ಎಣಿಸುವ ರೆಕಾರ್ಡಿಂಗ್‌ಗೆ, ಕಟ್ಟಿದ್ದು. ಕ್ಲಿಕ್ ಓಡಿತು ಅಂದರೆ ವಿಡಿಯೊ, ಬೆಳಕು, ವಾದ್ಯ ಎಲ್ಲ ಅದರ ಹಿಂದೆ ಓಡಲೇಬೇಕು.

ಮೊದಲ ಚರಣಕ್ಕೆ 40 ಸೆಕೆಂಡ್. ಇಬ್ಬರಿಗೂ ಪ್ಯಾಕ್ ಕಟ್ಟುವುದಕ್ಕೆ ಉಳಿದಿದ್ದದ್ದು 37. ಆ ನಟ ಸರಿಯಾದ ಬಾರ್‌ಗೇ ಪ್ರವೇಶ ಮಾಡಿದರು. ಕನ್ಸೋಲ್‌ನಲ್ಲಿ ಧ್ವನಿ ನಡೆಸುವ ಎ-1 ಸರಿಯಾದ ಕ್ಷಣಕ್ಕೇ ಅವರ 17ನೇ ಚಾನೆಲ್ಲನ್ನು ಏರಿಸಿದರು. ಸ್ಪೀಕರ್‌ನಲ್ಲಿ ಬಂದದ್ದು ಕುಣಿಯುತ್ತಿದ್ದ ಕೋರಸ್ ನಟನ ಏದುಸಿರು. ಅವಸರದಲ್ಲಿ ಇಬ್ಬರ ಪ್ಯಾಕ್, 17 ಮತ್ತು 19, ಅದಲುಬದಲಾಗಿದ್ದವು. ಮುಂಭಾಗದ ಫ್ಲೋರ್ ಮೈಕ್‌ಗಳಾದರೂ ಕೈ ಹಿಡಿಯಬೇಕಿತ್ತು, ಅವು ಐಟಂ 12ಕ್ಕೆ ಕನ್ಸೋಲ್‌ನಲ್ಲಿ ಇಟ್ಟಿದ್ದ ಸೆಟ್ಟಿಂಗ್‌ನಲ್ಲಿ ಮ್ಯೂಟ್ ಆದವು ಹಾಗೇ ಉಳಿದಿದ್ದವು. ಎ-1 ಮೊದಲು ಅವನ್ನು ತೆರೆದು, ಆಮೇಲೆ ಒಂದೊಂದೇ ಪಿಎಫ್ಎಲ್ (ಒಂದು ಚಾನೆಲ್ಲನ್ನು ಹೆಡ್‌ಫೋನ್‌ನಲ್ಲಷ್ಟೇ ಕೇಳಿಸುವ ಗುಂಡಿ) ಒತ್ತಿ ಕೇಳುತ್ತ 19ನ್ನು ಹಿಡಿಯುವಷ್ಟರಲ್ಲಿ 5 ಸೆಕೆಂಡ್ ಹೋಗಿತ್ತು. ಐದು ಸೆಕೆಂಡ್ ಅಂದರೆ ಆ ಹಾಡಿನಲ್ಲಿ ಒಂದು ಪೂರ್ತಿ ಸಾಲು. ವಾರಕ್ಕೆ ಎಂಟು ಪ್ರದರ್ಶನ ಹಾಡಿ ಗಟ್ಟಿ ಮಾಡಿಕೊಂಡ ಸಾಲು, ಅದನ್ನು ಟಿವಿಯಲ್ಲಿ ಕೇಳಲು ಕಾದವರಿಗೆ ಬಾಯಿ ಆಡಿದ್ದಷ್ಟೇ ಕಂಡಿತು. ಇದು ಇವತ್ತಿಗೂ ನೋಯುತ್ತದೆ.

ಗಡಿಯಾರಕ್ಕೆ ಕಟ್ಟುಬೀಳುವುದು ಈ ಸಮಾರಂಭಗಳ ಹುಟ್ಟುಗುಣವಲ್ಲ. 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿ ಶುರುವಾದಾಗ ಅದು ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್‌ನ ಔತಣಕೂಟ. 1967ರಲ್ಲಿ ದೇಶವ್ಯಾಪಿ ಟಿವಿ ಪ್ರಸಾರ ಬಂದ ಮೇಲೆ ಸೆಕೆಂಡ್‌ಗಳ ಲೆಕ್ಕ ಬಂತು. ಜಾಗದ ಕಷ್ಟ ಬೇರೆ. ಲಂಡನ್ನಿನ ರಂಗಭೂಮಿಯ ಆಲಿವಿಯರ್ ಪ್ರಶಸ್ತಿ ಇತ್ತೀಚಿನ ವರ್ಷಗಳಲ್ಲಿ ನಡೆಯುವ ರಾಯಲ್ ಆಲ್ಬರ್ಟ್ ಹಾಲ್ ಅಂಡಾಕಾರದ ಸಭಾಂಗಣ, ಮಾಮೂಲಿ ರಂಗಮಂದಿರದಲ್ಲಿ ಸೆಟ್ಟನ್ನು ಮೇಲೆ ತೂಗುಹಾಕುವ ಫ್ಲೈ ಟವರ್ ಅಲ್ಲಿಲ್ಲ. ಸೆಟ್ಟನ್ನು ಮೇಲಿಂದ ಇಳಿಸಿ ಒಂದು ನಿಮಿಷ ಗಿಟ್ಟಿಸುವ ದಾರಿ ಇಲ್ಲದ ಕಡೆ ಬದಲಾವಣೆಯ ಸಮಯವನ್ನು ಬೇರೆ ಯಾವುದೋ ಐಟಂನಿಂದ ಕೀಳಬೇಕಾಗುತ್ತದೆ.

ಕೀಳುವುದಾದರೆ ಭಾಷಣದಿಂದ ಕೀಳಬಾರದು, ನಾನು ಮಾಡಿದ ತಪ್ಪು ಅದೇ. ಭಾಷಣ 60 ಸೆಕೆಂಡಿಗಿಂತ ಹೆಚ್ಚಾಗಬಹುದು ಅಂತ ಎಲ್ಲರೂ ಹೆದರುತ್ತಾರೆ, ಸೊನ್ನೆಯಾಗಬಹುದು ಅಂತ ಯಾರೂ ಬರೆದುಕೊಳ್ಳುವುದಿಲ್ಲ. ರಂಗಭೂಮಿಯವರಿಗೆ ಗೈರು ಅಪರೂಪವಲ್ಲ. ಅದೇ ರಾತ್ರಿ ಬೇರೆ ಊರಲ್ಲಿ ಪ್ರದರ್ಶನ ಇರುತ್ತದೆ, ಶೂಟಿಂಗ್ ಇರುತ್ತದೆ. ಆ ನಟಿ ಬರುವುದಿಲ್ಲ ಅನ್ನುವುದು ಎರಡು ದಿನ ಮೊದಲೇ ಆಸನ ವಿಭಾಗದವರಿಗೆ ಗೊತ್ತಿತ್ತು, ಅವರ ಸೀಟು ಖಾಲಿ ಕಾಣದಂತೆ ಬೇರೊಬ್ಬರನ್ನು (ಸೀಟ್ ಫಿಲ್ಲರ್) ಕೂರಿಸಿದ್ದರು. ಗೆಲ್ಲುವವರು ಯಾರು ಅನ್ನುವುದು ಲಕೋಟೆಯೊಳಗಿನ ಗುಟ್ಟು. ಬರದವರು ಯಾರು ಅನ್ನುವುದು ಗುಟ್ಟಲ್ಲ. ಆ ಪಟ್ಟಿ ಆಸನ ವಿಭಾಗದ ಎಕ್ಸೆಲ್‌ನಿಂದ ನಮ್ಮ ಹಾಳೆಗೆ ಬರಲಿಲ್ಲ, ನಾವು ಕೇಳಲೂ ಇಲ್ಲ.

ಬದಲಾವಣೆಗೆ ನಂಬಬಹುದಾದದ್ದು ಅಳತೆ ಗೊತ್ತಿರುವ ಐಟಂ ಮಾತ್ರ. ಒಳ್ಳೆಯ ಜಾಗ ಇರುವುದು ಸಂಗೀತವಿಲ್ಲದ ನಾಟಕಗಳ ಐಟಂನಲ್ಲಿ. ಗಂಭೀರ ನಾಟಕದ ಒಂದು ನಿಮಿಷದ ತುಣುಕು ಹಿಂದುಮುಂದಿಲ್ಲದೆ ವೇದಿಕೆಯಲ್ಲಿ ಬಡವಾಗಿ ಕಾಣುತ್ತದೆ. ಹಾಗಾಗಿ ಅದಕ್ಕೆ ವಿಡಿಯೊ ಹಾಕುತ್ತಾರೆ, ಇಲ್ಲವೇ ಬರೆದವರನ್ನೇ ಮಾತಾಡಿಸುತ್ತಾರೆ. 2019ರ ಟೋನಿಯಲ್ಲಿ ನಾಟಕಕಾರರೇ ಬಂದು ತಮ್ಮ ನಾಟಕದ ಬಗ್ಗೆ ಹೇಳಿದ್ದರು. ಎರಡು ಸಂಗೀತ ನಾಟಕಗಳ ನಡುವೆ ಇಂಥ ಐಟಂ ಇಟ್ಟರೆ ವಿಡಿಯೊದ ಉದ್ದ ಮೊದಲೇ ಗೊತ್ತು, ಬರೆದ ಮಾತಿನದ್ದೂ ಹೆಚ್ಚುಕಡಿಮೆ ಗೊತ್ತು. ನಾಟಕಕ್ಕೂ ಅದರ ಪಾಲಿನ ಗಮನ ಸಿಗುತ್ತದೆ.

ಹಂಚಿಕೊಳ್ಳಲೇಬೇಕಾದ ಪ್ಯಾಕ್ ಒಂಟಿಯಾಗಿ ಹಾಡುವವರಿಗೆ ಹೋಗಕೂಡದು. ಪ್ಯಾಕ್ ಮೇಲೆ ಬರೀ ನಂಬರ್ ಸಾಲದು, ಎರಡೂ ಪಾತ್ರಗಳ ಹೆಸರು ಎರಡು ಬಣ್ಣದ ಟೇಪಿನಲ್ಲಿ ಬೇಕು, ಅದೇ ಬಣ್ಣ ನಟನ ಚೀಲದ ಮೇಲೂ ಬೇಕು. ಕಟ್ಟಿದ ಕೂಡಲೇ ನಟ ತನ್ನ ಪಾತ್ರದ ಹೆಸರು ಹೇಳಬೇಕು, ಎ-1 ಪಿಎಫ್ಎಲ್‌ನಲ್ಲಿ ಕೇಳಿ ಟಿಕ್ ಹಾಕಬೇಕು. ಪ್ರತಿ ತುಣುಕಿನ ತಲೆಗೆ, ಕ್ಲಿಕ್ ಶುರುವಾಗುವ ಮೊದಲು, ನಾಲ್ಕು ಬಾರ್‌ನ ವ್ಯಾಂಪ್ ಬರೆಸಬೇಕು. ಸಂಗೀತ ನಿರ್ದೇಶಕರು ಇದಕ್ಕೆ ಬೇಡ ಅಂದದ್ದನ್ನು ನಾವು ಕೇಳಿಲ್ಲ. ನಿರೂಪಕರ ಕೈಯಲ್ಲಿ ಸಮಯ ತುಂಬಲು 45 ಸೆಕೆಂಡಿನ ಮಾತು ಇರಬೇಕು, ಅದನ್ನು ತಾಲೀಮಿನಲ್ಲಿ ಒಮ್ಮೆ ನಿಜವಾಗಿ ಆಡಿಸಿ ನೋಡಿರಬೇಕು.

ಧ್ವನಿ ವಿನ್ಯಾಸಕ್ಕೆ ಟೋನಿ 2008ರಲ್ಲಿ ಪ್ರಶಸ್ತಿ ಕೊಡಲು ಶುರುಮಾಡಿ, 2014ರ ನಂತರ ಕೈಬಿಟ್ಟು, 2018ರಲ್ಲಿ ಮತ್ತೆ ತಂದಿತು. ಕೈಬಿಟ್ಟಾಗ ಈ ವೃತ್ತಿಯವರು ಎಷ್ಟು ಕೊರಗಿದರು ಅನ್ನುವುದು ನಮ್ಮಂಥವರಿಗೆ ಅರ್ಥವಾಗುತ್ತದೆ. ಹಾಡು ಕೇಳಿಸಿದಾಗ ಯಾರಿಗೂ ನೆನಪಾಗದ ಕೆಲಸ ಇದು.

ಶೋ ಕಾಲರ್ ಈಗ ‘ರೆಡಿನಾ?’ ಅಂತ ಕೇಳುವುದಿಲ್ಲ. ‘ಹದಿನಾಲ್ಕರಲ್ಲಿ ಎಷ್ಟು?’ ಅಂತ ಕೇಳುತ್ತಾರೆ. ವಿಂಗ್‌ನಲ್ಲಿ ಒಬ್ಬರು ಪ್ಯಾಕ್ ಮುಟ್ಟದೆ, ಎಣಿಸುವುದಕ್ಕೇ ನಿಂತಿರುತ್ತಾರೆ, ಅದೇ ಹೆಡ್‌ಸೆಟ್ ಚಾನೆಲ್‌ನಲ್ಲಿ. ‘ಹನ್ನೆರಡು’ ಅಂದರೆ ಗೋ ಬೀಳುವುದಿಲ್ಲ.