ಎಂಟೆಕ್ ಇದ್ದ ಮೇಲೂ ಪಿಎಚ್‌ಡಿ ಯಾಕೆ? ಕಂಪ್ಯೂಟರ್ ಸೈನ್ಸ್ ಮೇಷ್ಟ್ರುಗಳ ಲೆಕ್ಕಾಚಾರ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡಲು ಎಂಟೆಕ್ ಸಾಕು. ಬಿಇ, ಎಂಟೆಕ್ ಎರಡರಲ್ಲಿ ಒಂದಾದರೂ ಫಸ್ಟ್ ಕ್ಲಾಸ್ ಇದ್ದರೆ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆ ಎಐಸಿಟಿಇಯ ನಿಯಮ ಅಡ್ಡ ಬರುವುದಿಲ್ಲ. ಬಿಸಿಎ ವಿಭಾಗಕ್ಕೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಪಾಸಾಗಿದ್ದರೆ ನಡೆಯುತ್ತದೆ. ವಿಶ್ವವಿದ್ಯಾಲಯಗಳ ಅಸಿಸ್ಟೆಂಟ್ ಪ್ರೊಫೆಸರ್ ನೇಮಕಾತಿಗೆ ಪಿಎಚ್‌ಡಿ ಕಡ್ಡಾಯ ಎನ್ನುತ್ತಿದ್ದ ಯುಜಿಸಿಯೇ 2023ರ ಜುಲೈ 1ರಿಂದ ಅದನ್ನು ಐಚ್ಛಿಕ ಮಾಡಿತು. ಹಾಗಿದ್ದೂ ಸ್ಟಾಫ್‌ರೂಮಿನ ಮಾತು ಸುತ್ತಿ ಬಳಸಿ ಪಿಎಚ್‌ಡಿಗೇ ಬಂದು ನಿಲ್ಲುತ್ತದೆ.

ಮೊದಲ ಕಾರಣ ಬಡ್ತಿ. ಎಐಸಿಟಿಇಯ 2019ರ ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು ಪಿಎಚ್‌ಡಿ, 8 ವರ್ಷದ ಅನುಭವ, 6 ಸಂಶೋಧನಾ ಲೇಖನ ಬೇಕು. ಆ 8 ವರ್ಷದಲ್ಲಿ ಕನಿಷ್ಠ 2 ವರ್ಷ ಪಿಎಚ್‌ಡಿ ಮುಗಿದ ಮೇಲಿನದ್ದಾಗಿರಬೇಕು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹದಿನೈದು ವರ್ಷ ಪಾಠ ಮಾಡಿದವರೂ ಪದವಿ ಕೈಗೆ ಬಂದ ಮೇಲೆ ಎರಡು ವರ್ಷ ಕಾಯಲೇಬೇಕು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆರಂಭದ ಮೂಲವೇತನ 57,700, ಅಸೋಸಿಯೇಟ್‌ಗೆ 1,31,400. ಖಾಸಗಿ ಕಾಲೇಜಿನಲ್ಲಿ ಈ ಅಂಕಿಗಳಿಗೂ ಬ್ಯಾಂಕ್ ಪಾಸ್‌ಬುಕ್ಕಿಗೂ ಎಷ್ಟು ನಂಟು ಎನ್ನುವುದು ಬೇರೆ ಮಾತು. ಬಡ್ತಿಗಾಗಿಯೇ ಹೊರಟವರು ಹೊರಡುವ ಮೊದಲು ತಮ್ಮ ಮ್ಯಾನೇಜ್‌ಮೆಂಟ್ ಪಿಎಚ್‌ಡಿ ಆದವರಿಗೆ ನಿಜಕ್ಕೂ ಎಷ್ಟು ಇನ್‌ಕ್ರಿಮೆಂಟ್ ಕೊಟ್ಟಿದೆ ಎಂದು ಹಿರಿಯ ಸಹೋದ್ಯೋಗಿಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯದು ಮ್ಯಾನೇಜ್‌ಮೆಂಟಿನ ಕಾರಣ. ಅದು ನಿಧಾನಕ್ಕೆ ನಮ್ಮ ಕಾರಣವೂ ಆಗಿಬಿಡುತ್ತದೆ. ಕೋರ್ಸುಗಳ ಗುಣಮಟ್ಟ ಅಳೆಯುವ ಎನ್‌ಬಿಎ ಮಾನ್ಯತೆಯ ಸೂತ್ರದಲ್ಲಿ ಒಬ್ಬ ಪಿಎಚ್‌ಡಿ ಅಧ್ಯಾಪಕರ ತೂಕ 10, ಎಂಟೆಕ್‌ನವರದು 4. ಇಪ್ಪತ್ತು ಜನರ ವಿಭಾಗದಲ್ಲಿ ಎಲ್ಲರೂ ಎಂಟೆಕ್ ಆದರೆ ಮೊತ್ತ 80. ಆರು ಜನ ಡಾಕ್ಟರ್ ಆದರೆ ಅದೇ 116. ಕೇಂದ್ರ ಸರ್ಕಾರದ ಕಾಲೇಜು ರ್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ನಲ್ಲಿ ಅಧ್ಯಾಪಕರ ಅರ್ಹತೆಗಿರುವ 10 ಅಂಕ ಪೂರ್ತಿ ಸಿಗಬೇಕಾದರೆ ಶೇ 95ರಷ್ಟು ಮಂದಿ ಪಿಎಚ್‌ಡಿ ಆಗಿರಬೇಕು. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಸಿಕ್ಕಾಗೆಲ್ಲ "ರಿಜಿಸ್ಟರ್ ಆಯ್ತಾ ಮೇಡಂ?" ಎನ್ನುವುದರ ಹಿಂದೆ ಇರುವುದು ಈ ಲೆಕ್ಕ.

ಈ ಎರಡೂ ಕಾರಣಗಳು ರಿಜಿಸ್ಟ್ರೇಷನ್ ಮಾಡಿಸುತ್ತವೆ, ಥೀಸಿಸ್ ಬರೆಸುವುದಿಲ್ಲ. ಬರೆಸುವ ಶಕ್ತಿ ಇರುವುದು ಮೂರನೆಯದಕ್ಕೆ, ವಿಷಯದ ಮೇಲಿನ ಆಸೆಗೆ. ಫೈನಲ್ ಇಯರ್ ಪ್ರಾಜೆಕ್ಟ್ ವೈವಾದಲ್ಲಿ ಹುಡುಗರು "ಸರ್, ಆಕ್ಯುರಸಿ 99 ಪರ್ಸೆಂಟ್" ಎಂದಾಗ ಎಲ್ಲಿ ಕೈಯಿಟ್ಟು ನೋಡಬೇಕು ಅನ್ನುವುದು ಗೊತ್ತಿರಬೇಕಲ್ಲ. ಅದು ಸಿಲಬಸ್‌ನಲ್ಲಿಲ್ಲ.

ಕಾರಣ ಯಾವುದು ಎನ್ನುವುದರ ಮೇಲೆ ದಾರಿಯೂ ಬದಲಾಗುತ್ತದೆ. ವಿಷಯದ ಮೇಲಿನ ಆಸೆಯೇ ದೊಡ್ಡದಾದರೆ ಎಐಸಿಟಿಇಯ ಕ್ಯುಐಪಿ (ಅಧ್ಯಾಪಕರ ಗುಣಮಟ್ಟ ಸುಧಾರಣಾ ಯೋಜನೆ) ಅಡಿ ಈಗ ಪಿಎಚ್‌ಡಿ ಪ್ರವೇಶ ಇದೆಯೇ ವಿಚಾರಿಸಿ. ಕಾಲೇಜು ಪ್ರಾಯೋಜಿಸಿ ಮೂರು ವರ್ಷ ಬಿಟ್ಟುಕೊಟ್ಟರೆ ಪೂರ್ಣಾವಧಿ ಕೆಲಸ ಮಾಡಬಹುದು. ಐಐಎಸ್‌ಸಿಯ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್‌ನಲ್ಲಿ ಕೋರ್ಸ್‌ವರ್ಕ್‌ಗಾಗಿ ಒಂದಷ್ಟು ಕಾಲ ಕ್ಯಾಂಪಸ್‌ನಲ್ಲೇ ಇರಬೇಕಾಗುತ್ತದೆ. ಉಳಿದವರಿಗೆ ವಿಟಿಯು ರಿಸರ್ಚ್ ಸೆಂಟರಿನಲ್ಲಿ ಪಾರ್ಟ್‌ಟೈಮ್. ಯುಜಿಸಿಯ 2022ರ ನಿಯಮದಲ್ಲಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿಯಾದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ರಿಯಾಯಿತಿ ಇದೆ. ಪ್ರೊಫೆಸರ್ ಏಕಕಾಲಕ್ಕೆ 8 ಜನರಿಗೆ, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರಿಗೆ ಗೈಡ್ ಆಗಬಹುದು. ಹಾಗಾಗಿ ಗೈಡ್ ಹೆಸರಿಗಿಂತ ಮೊದಲು ಸೀಟು ಖಾಲಿ ಇದೆಯೇ, ನಿವೃತ್ತಿಗೆ ಎಷ್ಟು ವರ್ಷ ಇದೆ, ಈಗಿರುವವರಲ್ಲಿ ಎಷ್ಟು ಜನ ಮುಗಿಸಿದ್ದಾರೆ ಎಂದು ವಿಚಾರಿಸಿ.

ಪಾರ್ಟ್‌ಟೈಮ್ ಅಂದರೆ ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಂಶೋಧನೆಗೆ ಸಾಕಷ್ಟು ಸಮಯ ಕೊಡುತ್ತೇವೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಕಾಲೇಜು ಬರೆದುಕೊಡುತ್ತದೆ. ಬರೆದುಕೊಟ್ಟದ್ದು ಟೈಮ್‌ಟೇಬಲ್ಲಿಗೆ ಇಳಿಯಬೇಕು. ವಾರಕ್ಕೆ 16 ಗಂಟೆ ಪಾಠದ ಜೊತೆ ಲ್ಯಾಬ್ ರೆಕಾರ್ಡ್, ಇಂಟರ್ನಲ್ಸ್, ಇನ್ವಿಜಿಲೇಷನ್ ಎಲ್ಲ ಸೇರಿದರೆ ಉಳಿಯುವುದು ಚೂರುಪಾರು ಸಮಯ. ಚೂರುಪಾರು ಸಮಯದಲ್ಲಿ ಪೇಪರ್ ಓದಬಹುದು, ಕೋಡ್ ಆಗುವುದಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನವಾದರೂ ಇಡಿಯಾಗಿ ಬಿಡಿಸಿಕೊಳ್ಳಿ.

ಇನ್ನು ವಿಷಯದ ಆಯ್ಕೆ. ಬೇಗ ಮುಗಿಯಲಿ ಎನ್ನುವವರು ಹೆಚ್ಚಾಗಿ ಹಿಡಿಯುವುದು ಎಲೆರೋಗ ಪತ್ತೆ, ಅಂದರೆ ಎಲೆಯ ಫೋಟೊ ನೋಡಿ ರೋಗ ಗುರುತಿಸಲು ಕಂಪ್ಯೂಟರ್ ಮಾಡೆಲ್‌ಗೆ ಕಲಿಸುವುದು. ಪ್ಲಾಂಟ್‌ವಿಲೇಜ್ ಡೇಟಾಸೆಟ್ ಪುಕ್ಕಟೆ ಸಿಗುತ್ತದೆ: 54,306 ಚಿತ್ರ, 14 ಬೆಳೆ, 38 ವರ್ಗ. 2016ರಲ್ಲೇ ಮೊಹಾಂತಿ, ಹ್ಯೂಸ್, ಸಲಾಥೆ ಇದರ ಮೇಲೆ ಶೇ 99.35 ಆಕ್ಯುರಸಿ ತೆಗೆದಿದ್ದರು. ಬೇರೆ ಪರಿಸರದಲ್ಲಿ ತೆಗೆದ ಫೋಟೊ ಕೊಟ್ಟಾಗ ಅದೇ ಮಾಡೆಲ್ ಶೇ 31ರ ಆಸುಪಾಸಿಗೆ ಕುಸಿಯಿತು, ಅದನ್ನೂ ಅದೇ ಲೇಖನದಲ್ಲಿ ಬರೆದಿದ್ದಾರೆ. 2022ರಲ್ಲಿ ನೊಯಾನ್ ಎಂಬವರು ಎಲೆಯನ್ನೇ ಬಿಟ್ಟು ಹಿನ್ನೆಲೆಯ 8 ಪಿಕ್ಸೆಲ್ ಮಾತ್ರ ಕೊಟ್ಟು ನೋಡಿದರು. ಶೇ 49 ಬಂತು! ಸುಮ್ಮನೆ ಊಹಿಸಿದರೆ ಬರಬೇಕಾದದ್ದು ಶೇ 2.6. ಅಂದರೆ ಮಾಡೆಲ್ ರೋಗದ ಜೊತೆಗೆ ಫೋಟೊ ತೆಗೆದ ರೀತಿಯನ್ನೂ ಕಲಿತಿದೆ. ಇಂಥದರ ಮೇಲೆ 99.35 ಅನ್ನು 99.6 ಮಾಡಿ ತೋರಿಸಿದರೆ ಒಳ್ಳೆಯ ಜರ್ನಲ್ಲಿನ ರಿವ್ಯೂವರ್ ಮೊದಲ ಓದಿಗೇ ವಾಪಸ್ ಕಳಿಸುತ್ತಾರೆ.

ಇನ್ನೊಂದು ಮಾಮೂಲಿ ಎಡವಟ್ಟು: ಒಂದೇ ಎಲೆಯ ಫೋಟೊವನ್ನು ತಿರುಗಿಸಿ ಹತ್ತು ಪ್ರತಿ ಮಾಡಿ, ಆಮೇಲೆ ಟ್ರೇನ್ (ಮಾಡೆಲ್‌ಗೆ ಕಲಿಸಲು), ಟೆಸ್ಟ್ (ಪರೀಕ್ಷಿಸಲು) ಎಂದು ಹಂಚುವುದು. ಅದೇ ಎಲೆ ಎರಡೂ ಕಡೆ ಕೂರುತ್ತದೆ. ಮೊದಲು ಎಲೆವಾರು ಹಂಚಿ, ಆಮೇಲೆ ಟ್ರೇನ್ ಭಾಗವನ್ನಷ್ಟೇ ಹೆಚ್ಚಿಸಿ. ಐದು ಬೇರೆ ಬೇರೆ ಸೀಡ್‌ನಲ್ಲಿ (ಯಾದೃಚ್ಛಿಕ ಆರಂಭದ ಸಂಖ್ಯೆ) ಓಡಿಸಿ ಸರಾಸರಿ, ವಿಚಲನೆ ಎರಡನ್ನೂ ಕೊಡಿ. ಒಂದೇ ಓಟದ ಅರ್ಧ ಪರ್ಸೆಂಟ್ ಏರಿಕೆಯನ್ನು ನಂಬಬೇಡಿ.

ಎಲೆರೋಗ ಬೇಡ ಎನ್ನುತ್ತಿಲ್ಲ, ಡೇಟಾ ನಮ್ಮದಿರಲಿ ಎನ್ನುತ್ತಿದ್ದೇನೆ. ಮಲೆನಾಡು, ಕರಾವಳಿಯ ಕಾಲೇಜಿನವರಿಗೆ ಅಡಿಕೆಯ ಕೊಳೆರೋಗ ಇದೆ. ಅದು ಕಾಣುವುದು ಗೊನೆಯ ಕಾಯಿಯಲ್ಲಿ, ಆದ್ದರಿಂದ ಫೋಟೊವನ್ನು ನೆಲದಿಂದ ಜೂಮ್ ಮಾಡಿ ತೆಗೆಯಬೇಕು, ಮೋಡದ ಬೆಳಕಿನಲ್ಲಿ. ಕೊಳೆ ತಡೆಯಲು ಬೋರ್ಡೋ ದ್ರಾವಣ ಹೊಡೆದ ಗೊನೆಯ ಮೇಲೆ ನೀಲಿ ಲೇಪ ಉಳಿಯುತ್ತದೆ. ನೀಲಿ ಇದ್ದರೆ ರೋಗವಿಲ್ಲ ಎಂದು ಮಾಡೆಲ್ ಕಲಿತುಬಿಡಬಹುದು. ಹೊಡೆದ ತೋಟ, ಹೊಡೆಯದ ತೋಟ, ಎರಡರಲ್ಲೂ ರೋಗ ಇರುವ, ಇಲ್ಲದ ಗೊನೆಗಳು ಬೇಕು. ಒಂದಿಡೀ ತೋಟವನ್ನು ಟೆಸ್ಟ್‌ಗೆಂದೇ ಎತ್ತಿಡಿ. ಲೇಬಲ್ ಹಾಕಲು ಸಸ್ಯರೋಗ ತಜ್ಞರ ನೆರವು ಬೇಕು, ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನ ವಿಟ್ಲ ಕೇಂದ್ರದಲ್ಲಿ ವಿಚಾರಿಸಬಹುದು. ಕೊಳೆ ಬರುವುದು ಮಳೆಗಾಲದಲ್ಲಿ ಮಾತ್ರ. ಜನವರಿಯಲ್ಲಿ ರಿಜಿಸ್ಟರ್ ಆದವರು ಕೋರ್ಸ್‌ವರ್ಕ್ ಮುಗಿಯಲಿ ಎಂದು ಕಾದರೆ ಒಂದು ಹಂಗಾಮು ಹೋಯಿತು, ಮುಂದಿನ ಫೋಟೊ ಮುಂದಿನ ವರ್ಷದ ಜೂನ್‌ಗೇ.