ಅವ್ವನ ಸೆರಗಿನ ದೀಪ

ಬೆಟಗೇರಿಯ ನಮ್ಮ ಮನೆಯ ತೊಲೆಗೆ ಒಂದು ಕಬ್ಬಿಣದ ಕೊಂಡಿ ಇದೆ. ನನ್ನ ತೊಟ್ಟಿಲು, ತಂಗಿಯ ತೊಟ್ಟಿಲು, ಆಮೇಲೆ ಅವಳ ಮಗನದು, ಎಲ್ಲಾ ತೂಗಿದ್ದು ಅದಕ್ಕೇ. ಹತ್ತು ವರ್ಷದಿಂದ ಖಾಲಿ ಇತ್ತು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕಟ್ಟಿಗೆ, ರೇಷ್ಮೆ ಕೂಡಿಸಿ ಕೈಯಿಂದ ಮಾಡಿದ ತೂಗುದೀಪ ನೋಡಿದೆ. ಬೆಲೆ ಕೇಳಿ ಸುಮ್ಮನೆ ಹೊರಬಂದೆ. ಮನೆಗೆ ಬಂದು ಟ್ರಂಕು ತೆಗೆದರೆ ಅವ್ವನ ಹಳೇ ಇಳಕಲ್ ಸೀರೆ. ಹತ್ತಿಯ ಒಡಲು ಮುಟ್ಟಿದರೆ ಪಿಸಿಯುತ್ತಿತ್ತು, ಸೆರಗು ಮಾತ್ರ ಗಟ್ಟಿ. ಈ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ನೇಕಾರರು ಅದಕ್ಕೂ ಕೊಂಡಿ ಅಂತಲೇ ಅನ್ನುವುದು! ಸೆರಗು ನಕಲಿಯೋ ಏನೋ ಅಂತ ಒಂದು ಎಳೆ ಕಿತ್ತು ಸುಟ್ಟೆ. ಕೂದಲು ಸುಟ್ಟ ವಾಸನೆ, ಹಿಸುಕಿದರೆ ಪುಡಿಯಾಗುವ ಬೂದಿ. ಅಪ್ಪಟ ರೇಷ್ಮೆ.

ಓಣಿಯ ಬಡಿಗೇರ ಕಾಕಾ ಮುರಿದ ಕಿಡಕಿಯ ಸಾಗವಾನಿ ಸೀಳಿ 9 ಇಂಚಿನ ಚೌಕಟ್ಟು ಎರಡು ಮಾಡಿಕೊಟ್ಟರು. ನಾನು ಮೊಳೆ ಹಿಡಿದು ನಿಂತರೆ, “ಇಷ್ಟ ಸಣ್ಣ ಪಟ್ಟಿಗಿ ಮೊಳಿ ಹೊಡದ್ರ ಸೀಳತೈತಿ ತಮ್ಮಾ, ಕಚ್ಚ ಹಾಕ್ತೀನಿ ತಡಿ” ಅಂದರು.

ಕೆಡಿಸಿದ್ದು ನಾನು. ಸೆರಗನ್ನು ಚೌಕಟ್ಟಿಗೆ ಕೂರಿಸಲು ಒಂದು ಮೂಲೆಗೆ ಅಂಟು ಬಳಿದೆ, ರೇಷ್ಮೆ ಕುಡಿದು ಕಪ್ಪು ಕಲೆಯಾಯಿತು. ಉಳಿದದ್ದನ್ನು ಸೂಜಿಯಲ್ಲೇ ಹೊಲಿದೆ. ತೊಲೆಯ ಕೊಂಡಿಗೆ ತೂಗಿಹಾಕಿದೆ, ಭಾರವೆಲ್ಲ ನೂಲಿನ ಹಗ್ಗದ ಮೇಲೆ. ವೈರು ಪಕ್ಕದಲ್ಲಿ ಸಡಿಲವಾಗಿ ಇಳಿಯುತ್ತದೆ.

ಮೊದಲು ಮನೆಯಲ್ಲಿದ್ದ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಹಾಕಿದೆ. ಕೆಂಪು ಸೆರಗು ಹಳೇ ಇಟ್ಟಂಗಿ ಥರ ಕಂಡಿತು. ತಂತಿ ಬಲ್ಬಂತೂ ಬೇಡವೇ ಬೇಡ, ಅದು ಬೆಳಕಿಗಿಂತ ಹೆಚ್ಚು ಕೊಡುವುದು ಕಾವನ್ನೇ. ರೇಷ್ಮೆ ಹಳದಿಯಾಗಿ ಬಿರಿಯುತ್ತದೆ. ಗದಗಿಗೆ ಹೋಗಿ ಹಳದಿ ಬೆಳಕಿನ 2700 ಕೆಲ್ವಿನ್ನಿನದು, 7 ವ್ಯಾಟ್, ತಂದೆ. ಗುಂಡಿ ಒತ್ತಿದಾಗ ಕೆಂಪು ಕುಂಕುಮದಂತಾಯಿತು, ಸೆರಗಿನ ಟೋಪ ತೆನಿ ಚಿತ್ತಾರದ ಬಿಳಿ ಹಲ್ಲುಗಳು ಹಿಂಗಾರಿ ಜೋಳದ ತೆನೆಯ ಹಾಗೆ ಒಂದೊಂದಾಗಿ ಎದ್ದವು. ನಾನು ಊಟ ಬಿಟ್ಟು ನೋಡುತ್ತಾ ಕೂತೆ.

ಮೊದಲ ಮಳೆಗೆ ಮಳೆಹುಳ ನುಗ್ಗಿ ಒಳಗೆಲ್ಲ ರೆಕ್ಕೆ ಉದುರಿಸಿದವು. ಕುಂಚದಿಂದ ಗುಡಿಸಿ ತೆಗೆದೆ.

ಅವ್ವ ಎರಡು ತಿಂಗಳು ಏನೂ ಅನ್ನಲಿಲ್ಲ. ಮೊನ್ನೆ ಮಧ್ಯಾಹ್ನ, ದೀಪ ಆರಿದ್ದಾಗ, ಅವರೆಕಾಯಿ ಸುಲಿಯುತ್ತಾ ಕತ್ತು ಎತ್ತಿ ನೋಡಿ, “ಒಳಮೈ ಹೊರಗ ಹಾಕೀಯಲ್ಲೋ” ಅಂದಳು.