ಜಡ್ಡು ಬಿದ್ದಾಗ ಮೈಗೆ ‘ಮಲಗು’ ಅನ್ನೋರು ಯಾರು?

ಜ್ವರ ಬಂದವರಿಗೆ ಊಟ ಬೇಡ, ಮಾತು ಬೇಡ, ಬೆಳಕು ಬೇಡ. ರೊಟ್ಟಿ ಮುಂದಿಟ್ಟರೆ ಮುಖ ತಿರುಗಿಸುತ್ತಾರೆ. ‘ವೈರಸ್ಸು ಶಕ್ತಿ ಎಲ್ಲಾ ಹೀರಿಬಿಟ್ಟದ’ ಅಂತ ಮನೆಯವರು ಅಂದುಕೊಳ್ಳೋದು ಸಹಜ. ಆದರೆ ಈ ಜಡತನದ ಬಹುಪಾಲು ಮಿದುಳೇ ಹೊರಡಿಸಿದ ಹುಕುಂ. ಜಡ್ಡಾದ ಪ್ರಾಣಿ ಮೇವು ಬಿಟ್ಟು ಮೂಲೆ ಹಿಡಿಯೋದು ಸೋಂಕನ್ನು ಎದುರಿಸಲು ದೇಹ ಹೂಡುವ ಉಪಾಯ ಅಂತ ಅಮೆರಿಕದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲೇ ವಾದಿಸಿದ್ದರು. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಶೇ 10ರಷ್ಟಾದರೂ ಹೆಚ್ಚುತ್ತದೆ. ಅಷ್ಟು ಶಕ್ತಿಯನ್ನು ಓಡಾಟದಲ್ಲಿ ಉಳಿಸದೆ ಬೇರೆ ದಾರಿಯಿಲ್ಲ.

ಸುದ್ದಿ ಮಿದುಳಿಗೆ ಹೋಗೋದು ಹೀಗೆ. ರೋಗಾಣು ಕಂಡ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸೈಟೊಕೈನ್‌ಗಳನ್ನು, ಅಂದರೆ ಸುದ್ದಿ ಒಯ್ಯುವ ಪ್ರೋಟೀನುಗಳನ್ನು ಬಿಡುತ್ತವೆ. ಒಂದಿಷ್ಟು ಸುದ್ದಿ, ಎದೆ-ಹೊಟ್ಟೆಯ ಅಂಗಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಮೂಲಕ ಮೇಲೇರುತ್ತದೆ. ಈ ನರದ ನೂರು ಎಳೆಗಳಲ್ಲಿ ಸುಮಾರು 80 ಒಳಗಿನ ವರದಿಯನ್ನು ಮಿದುಳಿಗೆ ಮುಟ್ಟಿಸುವಂಥವು. ಇನ್ನೊಂದಿಷ್ಟು ರಕ್ತದ ಮೂಲಕ. ಸುದ್ದಿ ಮುಟ್ಟಿದ ಮೇಲೆ ಮಿದುಳಿನ ರಾಸಾಯನಿಕಗಳು ಏರುಪೇರಾಗುತ್ತವೆ. ಹುರುಪು ಕೊಡುವ ಡೋಪಮಿನ್ ಕೆಲಸ ತಗ್ಗಿದರೆ ಉತ್ಸಾಹ ಹೋಗುತ್ತದೆ. ಮನಸ್ಸಿನ ಸ್ಥಿತಿಗೆ ಬೇಕಾದ ಸಿರೊಟೋನಿನ್ ಆಗಬೇಕಿದ್ದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಬೇರೆ ದಾರಿ ಹಿಡಿದು ಕೈನ್ಯುರೆನಿನ್ ಎಂಬ ಬೇರೆ ವಸ್ತು ಆಗುತ್ತದೆ. ಹಿಂದೆ ಹೆಪಟೈಟಿಸ್-ಸಿಗೆ, ಸೈಟೊಕೈನೇ ಆದ ಇಂಟರ್‌ಫೆರಾನ್ ಚುಚ್ಚುಮದ್ದು ತಗೊಂಡ ಎಷ್ಟೋ ಮಂದಿ ಖಿನ್ನತೆಗೆ ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಈ ಸುದ್ದಿ ಮುಟ್ಟಿದಾಗ ಮಿದುಳಿನ ರಕ್ತನಾಳಗಳಲ್ಲಿ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ಮೈಬಿಸಿಯ ಗುರಿಯನ್ನೇ 37ರಿಂದ 39ಕ್ಕೆ ಏರಿಸುತ್ತದೆ. ಮೈ ಇನ್ನೂ 37ರಲ್ಲೇ ಇರುವುದರಿಂದ ಚಳಿ ಹತ್ತಿ, ಕೈಕಾಲು ತಣ್ಣಗಾಗಿ, ನಡುಕ ಬರುತ್ತದೆ. ಆ ಹೊತ್ತಿಗೆ ತಣ್ಣೀರು ಬಟ್ಟೆ ಹಾಕಿದರೆ ನಡುಕ ಹೆಚ್ಚಾಗುವುದಷ್ಟೇ. ಪ್ಯಾರಾಸಿಟಮಾಲ್ ಈ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಗ್ಗಿಸಿ ಗುರಿಯನ್ನು ಕೆಳಗಿಳಿಸುತ್ತದೆ, ಆಮೇಲೆ ಬೆವರು. ದೊಡ್ಡವರಿಗೆ 500ರಿಂದ 650 ಮಿಲಿಗ್ರಾಂ, ನಡುವೆ 6 ತಾಸು ಅಂತರ. ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಅಂದರೆ 10 ಕಿಲೋ ಮಗುವಿಗೆ ಒಂದು ಸಲಕ್ಕೆ 150. ಎಡವಟ್ಟಾಗೋದು ಸಿರಪ್ಪಿನಲ್ಲಿ: 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 250ರದ್ದೂ ಸಿಗುತ್ತದೆ. ಚಮಚ ಎಣಿಸುವ ಮುನ್ನ ಲೇಬಲ್ ಓದಿ. ನೆಗಡಿ ಗುಳಿಗೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಕೂಡಿಸಿ ನುಂಗಬೇಡಿ.

ಕಲಬುರಗಿಯ ಮೇ ತಿಂಗಳಿಗೆ ಬೇರೆ ಲೆಕ್ಕ. ಬಿಸಿಲು 43 ದಾಟಿದ ದಿನ ಹೊಲದಲ್ಲಿ ಕುಸಿದವನ ಮೈ 40 ದಾಟಿರಬಹುದು. ಅದು ಜ್ವರವಲ್ಲ. ಮಿದುಳಿನ ಗುರಿ 37ರಲ್ಲೇ ಇದೆ, ಬಿಸಿ ಹೊರಹಾಕುವ ವ್ಯವಸ್ಥೆ ಸೋತಿದೆ ಅಷ್ಟೇ. ಇಳಿಸಲು ಪ್ರೊಸ್ಟಾಗ್ಲಾಂಡಿನ್ನೇ ಇಲ್ಲದ ಮೇಲೆ ಪ್ಯಾರಾಸಿಟಮಾಲ್ ಏನು ಮಾಡೀತು? ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಹೊಯ್ದು, ಜೋರಾಗಿ ಗಾಳಿ ಹಾಕಿ. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆರುವುದರಿಂದ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಬಡಬಡಿಸುತ್ತಿದ್ದರೆ, ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ನರಗಳು ಉರಿಯೂತವನ್ನು ಕೆದಕುವುದೂ ಉಂಟು, ತಡೆಯುವುದೂ ಉಂಟು. ಬ್ಯಾಡಗಿಯೋ ಗುಂಟೂರೋ, ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ ಉರಿದು ಕೆಂಪಾಗುತ್ತದಲ್ಲ, ಅಲ್ಲಿ ನರದ ತುದಿಗಳೇ ಸಬ್‌ಸ್ಟನ್ಸ್-ಪಿ, ಸಿಜಿಆರ್‌ಪಿ ಎಂಬ ರಾಸಾಯನಿಕಗಳನ್ನು ಬಿಟ್ಟು ರಕ್ತನಾಳ ಹಿಗ್ಗಿಸುತ್ತವೆ. ಖಾರದ ಅಂಶ ನೀರಿಗೆ ಕರಗದು. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸಾಬೂನು ಹಚ್ಚಿ.

ತಡೆಯುವ ದಾರಿಯನ್ನು ಅಮೆರಿಕದ ವಿಜ್ಞಾನಿ ಕೆವಿನ್ ಟ್ರೇಸಿ ತಂಡ 2000ದಲ್ಲಿ ಇಲಿಗಳಲ್ಲಿ ತೋರಿಸಿತು. ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಟಿಎನ್‌ಎಫ್ ಇಳಿಯಿತು. ಗುಲ್ಮದಲ್ಲಿ (ಸ್ಪ್ಲೀನ್) ನರದ ರಾಸಾಯನಿಕ ನಾರ್‌ಅಡ್ರಿನಲಿನ್ ಬಂದು ಟಿ-ಕೋಶ ಎಂಬ ರಕ್ಷಣಾ ಕೋಶಗಳನ್ನು ತಟ್ಟುತ್ತದೆ, ಅವು ಅಸಿಟೈಲ್‌ಕೋಲಿನ್ ಬಿಡುತ್ತವೆ, ಅದು ರೋಗಾಣು ನುಂಗುವ ಮ್ಯಾಕ್ರೊಫೇಜ್ ಕೋಶಗಳ ಮೇಲಿನ ಆಲ್ಫಾ-7 ಗ್ರಾಹಕಕ್ಕೆ ಅಂಟಿ ಟಿಎನ್‌ಎಫ್ ತಯಾರಿಯನ್ನು ತಗ್ಗಿಸುತ್ತದೆ. ಇದನ್ನೇ ಹಿಡಿದು, ಉಸಿರಾಟವೂ ವೇಗಸ್ ನರವನ್ನು ತಟ್ಟುತ್ತದೆಂದು ಹೇಳಿ, ‘ಉಸಿರಾಟದಿಂದ ಸಂಧಿವಾತ ಮಾಯ’ ಎನ್ನುವ ವಿಡಿಯೋಗಳು ಓಡಾಡುತ್ತಿವೆ. ನಿಧಾನ ಉಸಿರಾಟ ಮನಸ್ಸಿಗೆ ಹಿತ, ಮಾಡಿ. ಅದಕ್ಕಾಗಿ ಸಂಧಿವಾತದ ಔಷಧ ಮೆಥೊಟ್ರೆಕ್ಸೇಟ್ ಮಾತ್ರ ಬಿಡಬೇಡಿ.

‘ಒಂದೇ ಸೂಜಿಗೆ ಎದ್ದು ಕುಂತ’ ಅನ್ನೋ ಹೊಗಳಿಕೆ ಬಗ್ಗೆಯೂ ಹುಷಾರು. ಆ ಸೂಜಿಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇದ್ದರೆ ಸೈಟೊಕೈನ್ ಅಡಗಿ ಹಸಿವು, ಹುರುಪು ಕೆಲವೇ ತಾಸಿನಲ್ಲಿ ಮರಳುತ್ತವೆ. ಸೋಂಕು ಇದ್ದಲ್ಲೇ ಇರುತ್ತದೆ. ಡೆಂಗಿ ಶಂಕೆ ಇದ್ದಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಔಷಧಗಳೂ ಬೇಡ, ರಕ್ತಸ್ರಾವದ ಅಪಾಯ.

ವಯಸ್ಸಾದವರಲ್ಲಿ ಥರ್ಮಾಮೀಟರ್ ಏರದೆಯೂ ಸೋಂಕು ಇರಬಹುದು. ನಿನ್ನೆ ಸರಿಯಿದ್ದ ಅಜ್ಜಿ ಇವತ್ತು ಊಟ ಬಿಟ್ಟು, ಮೊಮ್ಮಕ್ಕಳ ಹೆಸರು ತಪ್ಪಿಸಿ ಕರೆದರೆ ಕಾಯಬೇಡಿ. ಮಾಮೂಲು ಜಡತನ ಜ್ವರದ ಜೊತೆಗೇ ಇಳಿಯುತ್ತದೆ. ಜ್ವರ ಇಳಿದ ಗಂಟೆಯಲ್ಲಿ ಗಂಜಿ ಕೇಳುತ್ತಾರೆ, ಮಾತಾಡುತ್ತಾರೆ. ಡೆಂಗಿಯಲ್ಲಿ ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿದ ಮೇಲೂ ಮಂಕು ಹೆಚ್ಚುತ್ತಾ ಹೋಗಿ, ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಅದು ರಕ್ತನಾಳದಿಂದ ದ್ರವ ಸೋರುತ್ತಿರುವ ಸೂಚನೆ ಇರಬಹುದು. ರಾತ್ರಿಯಾದರೂ ಸರಿ, ಭರ್ತಿ ಮಾಡಿಸಿ.